ಊರಿನ ದ್ವೇಷದ ವಿಡಿಯೋಗೂ ದೇಶದ ಭದ್ರತೆಗೂ ನಿಜವಾಗಿ ಕೊಂಡಿ ಎಲ್ಲಿದೆ?

ಶಾಂತಿಸಾಗರ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಹಬ್ಬದ ಮೆರವಣಿಗೆಗಳಿಗೆ ಮುಂಚೆ ನಡೆಯುವ ಶಾಂತಿ ಸಭೆಯ ಜೊತೆಗೆ ಈ ಸಲ ಬಡಾವಣೆಯ ಯುವಕರಿಗೆ, ಡಿಗ್ರಿ ಓದುವ ಹುಡುಗ ಹುಡುಗಿಯರಿಗೆ ಒಂದು ಗಂಟೆಯ ಮಾತು ಇಟ್ಟಿದ್ದೇವೆ. ಧಾರ್ಮಿಕ ಉಗ್ರವಾದದಿಂದ ದೇಶದ ಭದ್ರತೆಗೆ, ಬೇರೆ ದೇಶಗಳ ಜೊತೆಗಿನ ಸಂಬಂಧಕ್ಕೆ ಏನಾಗುತ್ತೆ ಅನ್ನೋದು ವಿಷಯ. ಬರೀ "ಧಕ್ಕೆ ಬರುತ್ತದೆ" ಅಂದರೆ ಹುಡುಗರು ಕಿವಿಗೆ ಹಾಕಿಕೊಳ್ಳೋದಿಲ್ಲ. "ಸರ್, ನಾನು ಇಲ್ಲಿ ಪಿ.ಬಿ. ರೋಡಲ್ಲಿ ಕೂತು ಒಂದು ವಿಡಿಯೋ ಫಾರ್ವರ್ಡ್ ಮಾಡಿದರೆ ದೆಹಲಿಗೆ ಏನಾಗುತ್ತೆ?" ಅಂತ ನೇರವಾಗಿ ಕೇಳ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಬೇಕು.

ಎರಡನೆಯದು, ಇಂಥ ವಿಡಿಯೋ ಗುಂಪಿಗೆ ಬಂದು ಬಿದ್ದಾಗ ಅಡ್ಮಿನ್ ಏನು ಮಾಡಬೇಕು, ಯಾವ ಕ್ರಮದಲ್ಲಿ? ತಕ್ಷಣ ಡಿಲೀಟ್ ಮಾಡೋದೇ ಸರಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕಾನೂನು, ವಿದೇಶಾಂಗ ಎರಡನ್ನೂ ಬಲ್ಲವರು ಬಿಡಿಸಿ ಹೇಳಿ.

---

ಜೋಗಿಮಟ್ಟಿ (ಚಿತ್ರದುರ್ಗ)

ಶಾಂತಿಸಾಗರ ಸರ್, ಎರಡನೇ ಪ್ರಶ್ನೆಯನ್ನೇ ಮೊದಲು ತಗೊಳ್ತೀನಿ. ಮೊದಲನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ. ಠಾಣೆಯಿಂದ ರಾಯಭಾರ ಕಚೇರಿಯವರೆಗೆ ಹೋಗುವುದು ಆವೇಶ ಅಲ್ಲ, ಸಾಕ್ಷ್ಯ. ಅದು ಹಾಳಾಗೋದು ಬಹುಪಾಲು ಮೊದಲ ಒಂದೆರಡು ಗಂಟೆಯಲ್ಲಿ, ನಮ್ಮ ಕೈಯಲ್ಲೇ.

ಡಿಲೀಟ್ ಮಾಡುವ ಮುಂಚೆ ಉಳಿಸಿಕೊಳ್ಳಬೇಕು. ಸಂದೇಶ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರ ಹೆಸರಷ್ಟೇ ಸಾಲದು, ನಂಬರ್, ದಿನಾಂಕ, ಸಮಯ, "ಹಲವು ಬಾರಿ ಫಾರ್ವರ್ಡ್ ಆಗಿದೆ" ಅನ್ನುವ ಗುರುತು ಇದ್ದರೆ ಅದೂ ಕಾಣಬೇಕು. ಫೇಸ್‌ಬುಕ್, ಎಕ್ಸ್, ಯೂಟ್ಯೂಬ್ ಆದರೆ ಆ ಪೋಸ್ಟಿನ ಪೂರ್ತಿ ಲಿಂಕ್ ಮತ್ತು ಖಾತೆಯ ಹ್ಯಾಂಡಲ್ ಬರೆದಿಡಿ. ತೋರಿಸುವ ಹೆಸರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಲಿಂಕ್ ಇದ್ದರೆ ಕಂಪನಿಯಿಂದ ವಿವರ ಕೇಳಲು ದಾರಿ ಇರುತ್ತೆ. ಗುಂಪಿನಲ್ಲಿ ಸಂದೇಶ ತಾನಾಗೇ ಮಾಯವಾಗುವ ಸೆಟ್ಟಿಂಗ್ ಇದೆಯಾ ನೋಡಿ: 24 ಗಂಟೆ, 7 ದಿನ ಅಥವಾ 90 ದಿನ. 24 ಗಂಟೆಗೆ ಇಟ್ಟಿದ್ದರೆ ನಾಳೆ ಬೆಳಿಗ್ಗೆ ದೂರು ಕೊಡೋಣ ಅಂತ ಮಲಗುವ ಹಾಗಿಲ್ಲ. ಇಷ್ಟಾದ ಮೇಲೆ ಗುಂಪಿನಲ್ಲಿ "ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು" ಅಂತ ಮಾಡಿ, ಆಮೇಲೆ ಎಲ್ಲರಿಗೂ ಡಿಲೀಟ್ ಮಾಡಿ. ವಿಡಿಯೋ ಇರುವ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ವಾಟ್ಸಾಪಿನಲ್ಲಿ ಬಂದ ವಿಡಿಯೋ ಸಾಮಾನ್ಯವಾಗಿ ಮೂಲ ಕಡತ ಅಲ್ಲ. ಅದು ಕುಗ್ಗಿಸಿದ ಪ್ರತಿ; ಯಾವ ಫೋನಿನಲ್ಲಿ, ಎಲ್ಲಿ, ಯಾವಾಗ ಚಿತ್ರೀಕರಿಸಿದ್ದು ಅನ್ನುವ ಮಾಹಿತಿ ಅದರಲ್ಲಿ ಉಳಿದಿರೋದಿಲ್ಲ. ಹಾಗಾಗಿ "ನನಗೆ ಬಂತು" ಅನ್ನುವವರಿಗಿಂತ "ಮೊದಲು ಯಾರು ಹಾಕಿದರು" ಅನ್ನುವ ಕಡೆಗೆ ತನಿಖೆ ಹೋಗಬೇಕು, ಅದಕ್ಕೆ ನಡುವಿನ ಪ್ರತಿ ಫೋನೂ ಬೇಕಾಗುತ್ತೆ.

ಫೋನ್ ವಶಪಡಿಸಿಕೊಳ್ಳುವಾಗ ನೋಡಿ: ಫ್ಲೈಟ್ ಮೋಡ್ ಹಾಕಬೇಕು, ಐಎಂಇಐ (ಫೋನಿನ ಗುರುತಿನ) ನಂಬರ್ ಪಂಚನಾಮೆಯಲ್ಲಿ ಬರೆಯಬೇಕು, ಪಂಚರ ಎದುರು ಸೀಲ್ ಮಾಡಬೇಕು, ಶೋಧ ಮತ್ತು ವಶವನ್ನು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 105ರ ಪ್ರಕಾರ ವಿಡಿಯೋ ಮಾಡಬೇಕು. ಸೀಲ್ ಮಾಡುವ ಮೊದಲು ಯಾರಾದರೂ ಕುತೂಹಲಕ್ಕೆ ಆ ಫೋನ್ ತೆರೆದು ನಾಲ್ಕು ಚಾಟ್ ನೋಡಿದರೆ ಓದಿದ ಗುರುತು, ಸಮಯ ಎಲ್ಲ ಬದಲಾಗುತ್ತೆ. ನೆಟ್ ಆನ್ ಇದ್ದರೆ ಆಚೆಯವನು ಕಳಿಸಿದ್ದನ್ನೇ ವಾಪಸ್ ಅಳಿಸಿಬಿಡಬಹುದು. ಪಾಟಿ ಸವಾಲಿನಲ್ಲಿ ಆರೋಪಿಯ ವಕೀಲರಿಗೆ ಇಷ್ಟು ಸಾಕು.

ಇನ್ನು ನ್ಯಾಯಾಲಯಕ್ಕೆ ಎಲೆಕ್ಟ್ರಾನಿಕ್ ಸಾಕ್ಷ್ಯ ಹೋಗಬೇಕಾದರೆ ಪ್ರಮಾಣಪತ್ರ ಬೇಕೇ ಬೇಕು. ಹಿಂದೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಅಂತಿದ್ದದ್ದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63(4). ಈಗ ಎರಡು ಭಾಗ: ಎ ಭಾಗ ಸಾಧನ ಯಾರ ಸುಪರ್ದಿನಲ್ಲಿತ್ತೋ ಅವರದು, ಬಿ ಭಾಗ ತಜ್ಞರದು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಗುರುತು) ಬರೆಯಬೇಕು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯೇ ಬರುತ್ತೆ. ವಶಪಡಿಸಿಕೊಂಡ ದಿನದ ಹ್ಯಾಶ್, ಪ್ರಯೋಗಾಲಯದ ಹ್ಯಾಶ್ ತಾಳೆಯಾಗದಿದ್ದರೆ ಆ ವಿಡಿಯೋ ಸಾಕ್ಷ್ಯವಾಗಿ ನಿಲ್ಲೋದು ಕಷ್ಟ. 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಮಾಣಪತ್ರ ಕಡ್ಡಾಯ ಅಂದಿದೆ.

ಇನ್ನೊಂದು ಗುಂಡಿ ಪೂರ್ವಾನುಮತಿ. ದ್ವೇಷ ಹುಟ್ಟಿಸುವುದಕ್ಕೆ ಬಿಎನ್‌ಎಸ್ (ಐಪಿಸಿ ಜಾಗಕ್ಕೆ ಬಂದ ಕಾನೂನು) 196, ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡಿದ್ದಕ್ಕೆ 299. ಎರಡಕ್ಕೂ 3 ವರ್ಷದವರೆಗೆ ಶಿಕ್ಷೆ, 196ರ ಅಪರಾಧ ಪೂಜಾಸ್ಥಳದಲ್ಲಾದರೆ 5 ವರ್ಷದವರೆಗೆ. ಆದರೆ ಬಿಎನ್‌ಎಸ್‌ಎಸ್ 217ರ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟು ಇವನ್ನು ಸಂಜ್ಞಾನಕ್ಕೆ ತಗೊಳ್ಳೋ (ವಿಚಾರಣೆಗೆ ಕೈಗೆತ್ತಿಕೊಳ್ಳೋ) ಹಾಗೇ ಇಲ್ಲ. ಚಾರ್ಜ್‌ಶೀಟ್ ಹಾಕಿ ಅನುಮತಿ ಮರೆತರೆ ಪ್ರಕರಣ ಬಿದ್ದುಹೋಗುತ್ತೆ. ಬಿದ್ದ ಪ್ರಕರಣದ ಆರೋಪಿಗೆ ಹಾರ ಹಾಕಿ ಮೆರವಣಿಗೆ ಮಾಡುತ್ತಾರೆ, ಮುಂದಿನ ಗಲಾಟೆಗೆ ಅದೇ ಬೀಜ.

ಅಡ್ಮಿನ್ ಭಯಪಡಬೇಕಿಲ್ಲ. ಅಡ್ಮಿನ್ ಆದ ಮಾತ್ರಕ್ಕೆ ಸದಸ್ಯರು ಹಾಕಿದ್ದಕ್ಕೆ ಹೊಣೆಯಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ತಾನೇ ಮುಂದೆ ಕಳಿಸಿದರೆ ಮಾತ್ರ ಆ ರಕ್ಷಣೆ ಇಲ್ಲ. ದೂರನ್ನು ಹತ್ತಿರದ ಠಾಣೆಯಲ್ಲೋ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಯಲ್ಲೋ ಕೊಡಿ. ಕಲ್ಲು ತೂರಾಟವೋ ಜನ ಸೇರುವುದೋ ಶುರುವಾಗಿದ್ದರೆ ಮೊದಲು 112.

---

ಏಳುಸುತ್ತಿನಕೋಟೆ (ಚಿತ್ರದುರ್ಗ)

ಜೋಗಿಮಟ್ಟಿಯವರು ಹೇಳಿದ ಸಾಕ್ಷ್ಯದ ಮಾತನ್ನು ಅಲ್ಲಿಂದಲೇ ಮುಂದುವರಿಸ್ತೀನಿ. ಹುಡುಗರಿಗೆ ಹೇಳಬೇಕಾದ ಅತಿ ದೊಡ್ಡ ಉದಾಹರಣೆ ಕನಿಷ್ಕ. 1985ರ ಜೂನ್ 23, ಕೆನಡಾದಿಂದ ಹೊರಟ ಏರ್ ಇಂಡಿಯಾ 182 ಐರ್ಲೆಂಡ್ ಕಡಲ ಮೇಲೆ ಸ್ಫೋಟವಾಗಿ 329 ಜನ ಸತ್ತರು. ಖಾಲಿಸ್ತಾನಿ ಉಗ್ರರ ಮೇಲೆ ಕೆನಡಾದ ಗುಪ್ತಚರ ಸಂಸ್ಥೆಗೆ ಮೊದಲೇ ಕಣ್ಣಿತ್ತು, ಮುಖ್ಯ ಶಂಕಿತನ ಫೋನ್ ಮಾತನ್ನು ಧ್ವನಿಮುದ್ರಿಸಿಕೊಂಡೂ ಇತ್ತು. ಆ ಟೇಪುಗಳಲ್ಲಿ ನೂರಾರನ್ನು ಸಂಸ್ಥೆಯೇ ಅಳಿಸಿಹಾಕಿತು. 2005ರಲ್ಲಿ ಇಬ್ಬರು ಆರೋಪಿಗಳು ಖುಲಾಸೆಯಾದರು, ಕೊನೆಗೂ ಶಿಕ್ಷೆಯಾದದ್ದು ಒಬ್ಬನಿಗೆ. 2010ರಲ್ಲಿ ನ್ಯಾಯಮೂರ್ತಿ ಜಾನ್ ಮೇಜರ್ ಆಯೋಗ ಈ ವೈಫಲ್ಯವನ್ನೆಲ್ಲ ಬರೆದಿಟ್ಟಿತು. ಸತ್ತವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳೇ ಆಗಿದ್ದರು, ಆದರೂ ನ್ಯಾಯ ಸಿಗಲಿಲ್ಲ. ಭಾರತ ಕೆನಡಾ ನಡುವಿನ ಅಪನಂಬಿಕೆಗೆ ಅಲ್ಲಿಂದಲೇ ಬೇರು. 2023ರ ಸೆಪ್ಟೆಂಬರಿನಲ್ಲಿ ಅದು ಸಿಡಿದದ್ದು, 2024ರ ಅಕ್ಟೋಬರಿನಲ್ಲಿ ಎರಡೂ ದೇಶ ತಲಾ ಆರು ರಾಜತಾಂತ್ರಿಕರನ್ನು ಹೊರಗೆ ಕಳಿಸಿದ್ದು ಎಲ್ಲರೂ ನೋಡಿದ್ದೇ.

ನಮ್ಮ ರಾಜ್ಯದ್ದೇ ಬೇಕಾದರೆ 2012ರ ಆಗಸ್ಟ್ ತೆಗೆದುಕೊಳ್ಳಿ. ಅಸ್ಸಾಂ ಗಲಭೆಯ ನಂತರ ಎಸ್ಸೆಮ್ಮೆಸ್ಸು, ಎಲ್ಲಿಯದೋ ಚಿತ್ರಗಳು ಹರಡಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಟ್ಟಿಗೆ ಕಳಿಸುವ ಎಸ್ಸೆಮ್ಮೆಸ್ಸಿಗೆ ದಿನಕ್ಕೆ 5ರ ಮಿತಿ ಹಾಕಬೇಕಾಯಿತು. ಕೆಲವು ಚಿತ್ರಗಳು ಪಾಕಿಸ್ತಾನದಿಂದ ಹಾಕಿದ್ದು ಅಂತ ಕೇಂದ್ರದ ಗೃಹ ಇಲಾಖೆ ಹೇಳಿತು, ಕೇಂದ್ರ ಗೃಹ ಸಚಿವರು ಆ ದೇಶದ ಸಚಿವರ ಜೊತೆ ಮಾತಾಡಿದರು. ಅಲ್ಲಿಂದ ಬಂದ ಉತ್ತರ: ಸಾಕ್ಷ್ಯ ಕೊಡಿ. ಫಾರ್ವರ್ಡ್ ಮಾಡಿದ ಪ್ರತಿಯೊಬ್ಬನೂ ಮೂಲದಿಂದ ಒಂದು ಹೆಜ್ಜೆ ದೂರ ತಳ್ಳುತ್ತಾನೆ ಅನ್ನೋದು ಇಂಥ ಹೊತ್ತಿನಲ್ಲಿ ಭಾರವಾಗಿ ಕಾಣುತ್ತೆ.

ಈಗ ವಿದೇಶದಿಂದ ಸಾಕ್ಷ್ಯ ತರಿಸುವುದು. ಬಹುತೇಕ ಕಂಪನಿಗಳು ಅಮೆರಿಕದವು. ಖಾತೆ ಯಾರದು, ಯಾವ ಐಪಿ ವಿಳಾಸ ಅನ್ನುವುದನ್ನು ಪೊಲೀಸರ ಕಾನೂನುಬದ್ಧ ಕೋರಿಕೆಗೆ ಕೊಡುತ್ತಾರೆ. ಒಳಗಿನ ಸಂದೇಶ ಬೇಕಾದರೆ ಪರಸ್ಪರ ಕಾನೂನು ನೆರವಿನ ಒಪ್ಪಂದದ ದಾರಿಯಲ್ಲಿ ಹೋಗಬೇಕು. ತನಿಖಾಧಿಕಾರಿಯಿಂದ ರಾಜ್ಯ, ಅಲ್ಲಿಂದ ಕೇಂದ್ರ ಗೃಹ ಸಚಿವಾಲಯ, ಅಲ್ಲಿಂದ ಅಮೆರಿಕದ ನ್ಯಾಯ ಇಲಾಖೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತೆ. ಅಷ್ಟರಲ್ಲಿ ದತ್ತಾಂಶ ಅಳಿಸಿ ಹೋಗದಿರಲು ಮೊದಲೇ "ಕಾಯ್ದಿಡಿ" ಅಂತ ಕೋರಿಕೆ ಕಳಿಸಬೇಕು. ಅದರ ಬಾಳಿಕೆ 90 ದಿನ, ಮುಗಿಯುವ ಮುಂಚೆ ನವೀಕರಿಸಬೇಕು. ಇದನ್ನು ಬಿಟ್ಟರೆ ಒಪ್ಪಂದದ ಕಾಗದ ತಲುಪುವ ಹೊತ್ತಿಗೆ ಖಾತೆಯಲ್ಲಿ ಏನೂ ಇರುವುದಿಲ್ಲ. ಇನ್ನೂ ಒಂದು ತೊಡಕು: ನಮ್ಮಲ್ಲಿ 196ರ ಅಪರಾಧವಾದ ಮಾತು ಅಮೆರಿಕದಲ್ಲಿ ಬಹುಮಟ್ಟಿಗೆ ವಾಕ್ ಸ್ವಾತಂತ್ರ್ಯ. ಬರೀ ದ್ವೇಷ ಭಾಷಣ ಅಂತ ಬರೆದು ಕಳಿಸಿದರೆ ನಿರಾಕರಣೆಯೇ ಗತಿ. ಆ ಮಾತಿನಿಂದ ನೇರವಾಗಿ ಕೊಲೆ ಬೆದರಿಕೆ, ಸ್ಫೋಟದ ಸಂಚು, ಹಣ ಸಂಗ್ರಹ ಆಗಿದ್ದರೆ ಆ ಸಂಗತಿಗಳನ್ನು ದಿನಾಂಕ ಸಮೇತ ಬಿಡಿಸಿ ಬರೆಯಬೇಕು.

ಹಸ್ತಾಂತರ ಒಪ್ಪಂದದ ಕೆಳಗೆ ಬೇರೆ ದೇಶದಿಂದ ಆರೋಪಿಯನ್ನು ಕೇಳುವಾಗಲೂ ಇದೇ ಲೆಕ್ಕ, ಎರಡೂ ದೇಶದಲ್ಲಿ ಅದು ಅಪರಾಧವಾಗಿರಬೇಕು. 26/11ರ ಮುಂಬೈ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕದಿಂದ ಕರೆತರಲಾದದ್ದು 2025ರ ಏಪ್ರಿಲಿನಲ್ಲಿ, ದಾಳಿಯಾಗಿ 16 ವರ್ಷ ದಾಟಿದ ಮೇಲೆ. ಇಂಟರ್‌ಪೋಲಿನ ಸಂವಿಧಾನದ 3ನೇ ವಿಧಿ ರಾಜಕೀಯ, ಸೈನಿಕ, ಧಾರ್ಮಿಕ, ಜನಾಂಗೀಯ ಸ್ವರೂಪದ ವಿಷಯದಲ್ಲಿ ಕೈ ಹಾಕುವುದನ್ನೇ ನಿಷೇಧಿಸುತ್ತೆ. ನಮ್ಮ ಕಾಗದದಲ್ಲಿ ಆರೋಪಿಯ ಧರ್ಮದ ಮಾತು ಹೆಚ್ಚಾಗಿ ಕೃತ್ಯದ ಮಾತು ಕಡಿಮೆಯಾದರೆ ಅವನ ವಕೀಲ ಇದೇ ವಿಧಿಯನ್ನು ಹಿಡಿಯುತ್ತಾನೆ.

ಉಗ್ರರನ್ನು ನಿರ್ಬಂಧದ ಪಟ್ಟಿಗೆ ಸೇರಿಸುವ ವಿಶ್ವಸಂಸ್ಥೆಯ 1267 ಸಮಿತಿಯಲ್ಲಿ ಭದ್ರತಾ ಮಂಡಳಿಯ 15 ಸದಸ್ಯರೂ ಒಪ್ಪಬೇಕು, ಒಬ್ಬರು ತಡೆ ಹಿಡಿದರೂ ಕಡತ ನಿಲ್ಲುತ್ತೆ. ಜೈಶ್-ಎ-ಮೊಹಮ್ಮದ್ ಮುಖ್ಯಸ್ಥ ಮಸೂದ್ ಅಜರ್ ವಿಷಯದಲ್ಲಿ ಚೀನಾ ಹಲವು ವರ್ಷ ಹಾಗೇ ಮಾಡಿತು. ಪಟ್ಟಿಗೆ ಸೇರಿದ್ದು 2019ರ ಮೇ 1ರಂದು, ಪುಲ್ವಾಮಾದಲ್ಲಿ 40 ಯೋಧರು ಹೋದ ಮೇಲೆ. ಹಣದ ಕಡೆ ಎಫ್‌ಎಟಿಎಫ್ ಇದೆ, ಉಗ್ರರಿಗೆ ಹೋಗುವ ಹಣದ ಮೇಲೆ ಕಣ್ಣಿಡುವ, ಪ್ಯಾರಿಸ್ಸಿನಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆ. 2018ರ ಜೂನಿನಿಂದ 2022ರ ಅಕ್ಟೋಬರ್‌ವರೆಗೆ ಪಾಕಿಸ್ತಾನ ಅದರ ಬೂದು ಪಟ್ಟಿಯಲ್ಲಿತ್ತು. 2024ರಲ್ಲಿ ಭಾರತಕ್ಕೆ ಒಳ್ಳೆಯ ದರ್ಜೆಯೇ ಸಿಕ್ಕಿತು, ಆದರೆ ಭಯೋತ್ಪಾದನೆಗೆ ಹಣ ಒದಗಿಸಿದ ಪ್ರಕರಣಗಳ ವಿಚಾರಣೆ ಮುಗಿಯುವುದು ತಡ ಅಂತ ವರದಿ ಬೊಟ್ಟು ಮಾಡಿತು. ಕೆಳಗಿನ ಕೋರ್ಟಿನ ವಿಳಂಬ ಪ್ಯಾರಿಸ್ಸಿನ ವರದಿಯಲ್ಲಿ ಎಣಿಕೆಗೆ ಬರುತ್ತೆ ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಕೊನೆಯದಾಗಿ ಪಹಲ್ಗಾಮ್. 2025ರ ಏಪ್ರಿಲ್ 22, 26 ಜನರ ಕೊಲೆ. ಮೇ 7ರ ಪತ್ರಿಕಾಗೋಷ್ಠಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ಹೇಳಿದ ಒಂದು ಮಾತನ್ನು ಹುಡುಗರಿಗೆ ಹೇಳಲೇಬೇಕು: ದಾಳಿ ನಡೆಸಿದ ರೀತಿಯ ಹಿಂದೆ ಕಾಶ್ಮೀರದಲ್ಲೂ ಉಳಿದ ದೇಶದಲ್ಲೂ ಕೋಮು ವೈಷಮ್ಯ ಕೆರಳಿಸುವ ಉದ್ದೇಶವಿತ್ತು, ಅದನ್ನು ಸರ್ಕಾರ ಮತ್ತು ಜನ ವಿಫಲಗೊಳಿಸಿದರು. ಅಂದರೆ ಆ ವಾರ ದಾವಣಗೆರೆಯಲ್ಲಿ ಒಂದು ಅಂಗಡಿಗೆ ಬೆಂಕಿ ಬಿದ್ದಿದ್ದರೆ ದಾಳಿಕೋರರ ಉಳಿದ ಕೆಲಸವನ್ನು ನಾವೇ ಮುಗಿಸಿಕೊಟ್ಟ ಹಾಗಾಗುತ್ತಿತ್ತು. ಪಿ.ಬಿ. ರೋಡಿನ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದೇ.

---

ಮಂಡಕ್ಕಿಭಟ್ಟಿ (ದಾವಣಗೆರೆ)

ಗಲ್ಫಿಗೆ ಹೋಗುವ ಹುಡುಗರಿಗೆ ಇದು ಹೊಟ್ಟೆಪಾಡಿನ ವಿಷಯ, ಅದನ್ನು ಬಿಡಬೇಡಿ ಸರ್.

ಯುಎಇಯಲ್ಲಿ ಧರ್ಮದ ಹೆಸರಿನಲ್ಲಿ ತಾರತಮ್ಯ, ದ್ವೇಷ ಹರಡುವುದರ ವಿರುದ್ಧ 2015ರಲ್ಲೇ ಪ್ರತ್ಯೇಕ ಕಾನೂನು ಬಂತು, 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. 2020ರ ಏಪ್ರಿಲಿನಲ್ಲಿ ಕೋವಿಡ್ ನೆಪದಲ್ಲಿ ದ್ವೇಷದ ಪೋಸ್ಟ್ ಹಾಕಿದ ಹಲವು ಭಾರತೀಯರು ಅಲ್ಲಿ ಕೆಲಸ ಕಳಕೊಂಡರು. ನಮ್ಮ ರಾಯಭಾರಿಯೇ ಬಹಿರಂಗವಾಗಿ, ತಾರತಮ್ಯ ನಮ್ಮ ನೈತಿಕತೆಗೂ ಕಾನೂನಿಗೂ ವಿರುದ್ಧ ಅಂತ ಎಚ್ಚರಿಸಬೇಕಾಯಿತು. 2022ರ ಜೂನ್ 5ರಂದು ಟಿವಿ ಚರ್ಚೆಯ ಒಂದು ಮಾತಿಗೆ ಕತಾರ್, ಕುವೈತ್, ಇರಾನ್ ನಮ್ಮ ರಾಯಭಾರಿಗಳನ್ನು ಕರೆಸಿಕೊಂಡವು. ನಮ್ಮ ಉಪರಾಷ್ಟ್ರಪತಿಗಳು ಆಗ ದೋಹಾದಲ್ಲೇ ಇದ್ದರು.

ಇಲ್ಲಿಯ ಕೇಸಿನ ಪರಿಣಾಮ ಪಾಸ್‌ಪೋರ್ಟಿನ ಮೇಲೆ ಹೀಗೆ: ಬರೀ ಎಫ್‌ಐಆರ್ ಇದ್ದು ಕೋರ್ಟು ಸಂಜ್ಞಾನ ತಗೊಂಡಿಲ್ಲದಿದ್ದರೆ ಅದನ್ನು ಬಾಕಿ ಕ್ರಿಮಿನಲ್ ಪ್ರಕರಣ ಅಂತ ಎಣಿಸುವುದಿಲ್ಲ. ಸಂಜ್ಞಾನ ಆದ ಮೇಲೆ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಅಡ್ಡ ಬರುತ್ತೆ. ಆಗ ಅದೇ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ಆದೇಶ ತರಬೇಕು (1993ರ ಕೇಂದ್ರದ ಅಧಿಸೂಚನೆ ಜಿಎಸ್‌ಆರ್ 570). ಆದೇಶದಲ್ಲಿ ಎಷ್ಟು ಅವಧಿ ಅಂತ ಬರೆಯದಿದ್ದರೆ ಪಾಸ್‌ಪೋರ್ಟ್ ಒಂದೇ ವರ್ಷಕ್ಕೆ ಸಿಗುತ್ತೆ, ಅದನ್ನು ನೋಡಿ ಎರಡು ವರ್ಷದ ಕೆಲಸ ಕೊಡುವವರು ಹಿಂದೆ ಸರಿಯುತ್ತಾರೆ. ಅರ್ಜಿಯಲ್ಲೇ ಅವಧಿಯನ್ನು ಸ್ಪಷ್ಟವಾಗಿ ಕೇಳಿ ಅಂತ ವಕೀಲರಿಗೆ ಹೇಳಿ. ಅರ್ಜಿ ನಮೂನೆಯಲ್ಲಿ ಪ್ರಕರಣ ಮುಚ್ಚಿಟ್ಟರೆ ಅದು ಬೇರೆ ಅಪರಾಧ. ಪೊಲೀಸ್ ಕ್ಲಿಯರೆನ್ಸ್ ಕೇಳುವ ಕಂಪನಿಯಾದರೆ ಅಲ್ಲೂ ಇದು ಎದುರಾಗುತ್ತೆ.

---

ವಾಣಿವಿಲಾಸ (ಹಿರಿಯೂರು)

ಮೇಲಿನ ಮೂರೂ ಉತ್ತರ ಉಪಯುಕ್ತ. ಆದರೆ ಉದಾಹರಣೆಗಳು ಹೊರಗಿನ ಉಗ್ರರ ಕಡೆಗೇ ವಾಲಿವೆ. ಸಭೆಯಲ್ಲಿ ಎರಡೂ ಸಮುದಾಯದ ಮಕ್ಕಳು ಕೂತಿರುತ್ತಾರೆ, ಒಂದೇ ಕಡೆ ಬೆರಳು ತೋರಿಸಿದರೆ ಅರ್ಧ ಜನರ ಮನಸ್ಸು ಅಲ್ಲೇ ಮುಚ್ಚಿಕೊಳ್ಳುತ್ತೆ.

ಕರ್ನಾಟಕದ್ದೇ ಹೇಳಿ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕೊಲೆಯಾದರು. ಎರಡೂ ಕಡೆ ಸಿಕ್ಕ ಗುಂಡು, ಕಾರ್ಟ್ರಿಡ್ಜ್‌ಗಳ ಮೇಲಿನ ಗುರುತು ಹೋಲಿಸಿ ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ವಿಶೇಷ ತನಿಖಾ ತಂಡದ ತನಿಖೆ ಮಹಾರಾಷ್ಟ್ರದ ವಿಚಾರವಾದಿ ದಾಭೋಲ್ಕರ್ ಕೊಲೆಯವರೆಗೆ ಕೊಂಡಿ ಜೋಡಿಸಿತು. ಯಾವ ಧರ್ಮದ ಉಗ್ರರಾದರೂ ಮುರಿಯುವುದು ಹೀಗೆ ನಿಧಾನದ ಕೆಲಸದಿಂದಲೇ.

ಇನ್ನೊಂದು, ಬೀದರ್ ಜಿಲ್ಲೆಯ ಮುರ್ಕಿ, 2018ರ ಜುಲೈ. ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಯುವಕನನ್ನು ಜನ ಹೊಡೆದು ಕೊಂದರು. ಗಾಯಗೊಂಡವರಲ್ಲಿ ಒಬ್ಬರು ಕತಾರ್ ಪ್ರಜೆ. ಅದು ಧಾರ್ಮಿಕ ಉಗ್ರವಾದದ ಪ್ರಕರಣ ಅಲ್ಲ, ಆದರೆ ಒಂದು ಹಳ್ಳಿಯ ವದಂತಿ ಇನ್ನೊಂದು ದೇಶದ ಬಾಗಿಲಿಗೆ ಎಷ್ಟು ಬೇಗ ಮುಟ್ಟುತ್ತೆ ಅನ್ನೋದಕ್ಕೆ ತಕ್ಕ ಉದಾಹರಣೆ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5 ಚಾಟಿಗೆ ಇಳಿಸಿತು.

ಅತಿಯಾದ ಕೇಸೂ ಭದ್ರತೆಗೆ ಒಳ್ಳೆಯದಲ್ಲ. ಭಯೋತ್ಪಾದನೆ ತಡೆಯ ಕಾನೂನು ಯುಎಪಿಎ 43ಡಿ(5)ರಲ್ಲಿ ಜಾಮೀನು ಬಲು ಕಷ್ಟ, 43ಡಿ(2)ರಲ್ಲಿ ಚಾರ್ಜ್‌ಶೀಟಿಗೆ 180 ದಿನದವರೆಗೆ ಅವಕಾಶ. ಸಾಕ್ಷ್ಯವಿಲ್ಲದೆ ಒಳಗೆ ಹಾಕಿದ ಹುಡುಗ ವರ್ಷಗಳ ನಂತರ ಖುಲಾಸೆಯಾದರೆ ಅವನ ಓಣಿಯವರು ಮತ್ತೆ ಪೊಲೀಸರಿಗೆ ಬಾಯಿ ಬಿಡುವುದಿಲ್ಲ, ನಿಜವಾದ ಸುಳಿವೂ ಅಲ್ಲೇ ನಿಲ್ಲುತ್ತೆ. ವಿಚಾರಣೆ ವಿಪರೀತ ತಡವಾದರೆ ಸಾಂವಿಧಾನಿಕ ನ್ಯಾಯಾಲಯ ಜಾಮೀನು ಕೊಡಬಹುದು ಅಂತ 2021ರ ಕೆ.ಎ. ನಜೀಬ್ ತೀರ್ಪು ಹೇಳಿದೆ. ಮಾತು, ಬರಹದ ಪ್ರಕರಣದಲ್ಲಿ ಎಫ್‌ಐಆರ್‌ಗೆ ಮುಂಚೆ ಬಿಎನ್‌ಎಸ್‌ಎಸ್ 173(3)ರ ಪ್ರಾಥಮಿಕ ವಿಚಾರಣೆ ಮಾಡುವುದು ಸೂಕ್ತ ಅಂತ ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಹೇಳಿತು. ಡಿವೈಎಸ್‌ಪಿ ಅನುಮತಿ ಬೇಕು, 14 ದಿನದೊಳಗೆ ಮುಗಿಯಬೇಕು.

---

ಶಾಂತಿಸಾಗರ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. ವಾಣಿವಿಲಾಸ ಮೇಡಂ, ನಿಮ್ಮ ಮಾತು ಒಪ್ಪಿದೆ, ಕಲಬುರ್ಗಿ ಗೌರಿ ಪ್ರಕರಣದಿಂದಲೇ ಶುರು ಮಾಡ್ತೀನಿ. ಜೋಗಿಮಟ್ಟಿ ಸರ್, ಒಂದೇ ಅನುಮಾನ ಉಳಿದಿದೆ. ದೂರು ಕೊಡುವವರ ಫೋನನ್ನೇ ಪೊಲೀಸರು ಇಟ್ಟುಕೊಂಡರೆ ಅಂತ ಹೆದರಿ ಯಾರೂ ಮುಂದೆ ಬರೋದಿಲ್ಲ. ಅದಕ್ಕೇನು ದಾರಿ?

---

ಜೋಗಿಮಟ್ಟಿ (ಚಿತ್ರದುರ್ಗ)

ಭಯ ನ್ಯಾಯವಾದದ್ದೇ. ದೂರಿನ ಜೊತೆ ವಿಡಿಯೋದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕೊಡಿ, ಅದರ ಹ್ಯಾಶ್ ಮೌಲ್ಯ ಮತ್ತು 63(4)ರ ಎ ಭಾಗವನ್ನು ಲಗತ್ತಿಸಿ. ಹ್ಯಾಶ್ ತೆಗೆಯಲು ಕಂಪ್ಯೂಟರಿನಲ್ಲಿ ಪುಕ್ಕಟೆ ಸೌಲಭ್ಯ ಇದೆ, ಎಸ್‌ಎಚ್‌ಎ 256 ಆರಿಸಿ. ವಿಡಿಯೋವನ್ನು ಫೋನಿನಿಂದ ಕೇಬಲ್ ಹಾಕಿಯೇ ನಕಲು ಮಾಡಿ. ವಾಟ್ಸಾಪಿನಲ್ಲೇ ತನಗೆ ತಾನು ಕಳಿಸಿಕೊಂಡರೆ ಅದು ಮತ್ತೊಂದು ಪ್ರತಿಯಾಗುತ್ತೆ, ಹ್ಯಾಶ್ ತಾಳೆಯಾಗುತ್ತೆ ಅನ್ನುವ ಭರವಸೆ ಇರೋದಿಲ್ಲ.

ಆಮೇಲೂ ಫೋನ್ ಬೇಕು ಅಂದರೆ, ಪರೀಕ್ಷಕರು ಅದರ ಪೂರ್ತಿ ಪ್ರತಿ ತೆಗೆದುಕೊಂಡು ಫೋನ್ ವಾಪಸ್ ಕೊಡಲಿ ಅಂತ ಬರವಣಿಗೆಯಲ್ಲಿ ಕೋರಿಕೆ ಕೊಡಿ. ಆಗಲಿಲ್ಲ ಅಂದರೆ ಮ್ಯಾಜಿಸ್ಟ್ರೇಟ್ ಮುಂದೆ ಮಧ್ಯಂತರ ಸುಪರ್ದಿಗೆ ಅರ್ಜಿ ಹಾಕಬಹುದು. ವಶಪಡಿಸಿಕೊಂಡರೆ ಮಹಜರಿನ ಪ್ರತಿ ಕೇಳಿ ಪಡೆಯಿರಿ, ಅದರಲ್ಲಿ ಐಎಂಇಐ, ಸಿಮ್ ನಂಬರ್, ಸೀಲ್ ಮಾಡಿದ ಸಮಯ ಇವೆಯಾ ಅಂತ ಓದಿ ನೋಡಿಯೇ ಸಹಿ ಹಾಕಿ. ನಿಮ್ಮ ಶಾಂತಿ ಸಭೆಗೆ ಠಾಣೆಯ ಇನ್ಸ್‌ಪೆಕ್ಟರ್ ಬಂದೇ ಬರುತ್ತಾರೆ. ದೂರುದಾರರ ಫೋನನ್ನು ಎಷ್ಟು ದಿನದಲ್ಲಿ ವಾಪಸ್ ಕೊಡುತ್ತೀರಿ ಅಂತ ಎಲ್ಲರೆದುರು ಕೇಳಿ, ಅವರು ಹೇಳಿದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಿ.